ಹೊಳ್ಳಿ ಹೋದವರ ಲೆಕ್ಕ

ನನ್ನ ಬೈಕಿನ ಬ್ಯಾಗಿನಲ್ಲಿ ಸ್ಪ್ಯಾನರ್, ಮಲ್ಟಿಮೀಟರ್, ದಿಕ್ಸೂಚಿ, ಕೇಬಲ್ ತುಂಡುಗಳ ಜೊತೆ 200 ಪುಟದ ಒಂದು ನೋಟ್‌ಬುಕ್ ಇರುತ್ತದೆ. ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ಗೆರೆ ಹಾಕಿದ್ದೇನೆ. ತಾರೀಖು, ಊರು, ಏನು ಕೆಟ್ಟಿತ್ತು, ಎಷ್ಟು ಹೊತ್ತು ಕೆಟ್ಟಿತ್ತು. ಕೊನೆಗೆ ಒಂದು ಸಣ್ಣ ಮನೆ: ಎಷ್ಟು ಮಂದಿ ಹೊಳ್ಳಿ ಹೋದರು. ಮೊದಲ ನಾಲ್ಕನ್ನು ನನ್ನ ಕಂಪನಿ ಕೇಳುತ್ತದೆ. ಕೊನೆಯದನ್ನು ಯಾರೂ ಕೇಳಿಲ್ಲ. 2022ರ ಬೇಸಿಗೆಯಿಂದ ನಾನೇ ಬರೆಯುತ್ತಾ ಬಂದಿದ್ದೇನೆ.

ಹೊಳ್ಳಿ ಅಂದರೆ ವಾಪಸ್. ನಮ್ಮ ವಿಜಯಪುರದ ಕಡೆಯ ಮಾತು. ಕೆಲಸ ಆಗದೆ, ಬಂದ ದಾರಿಯಲ್ಲೇ ತಿರುಗಿ ಹೋಗುವುದಕ್ಕೆ ಹೊಳ್ಳಿ ಹೋದರು ಅನ್ನುತ್ತೇವೆ.

ನಾನು ಹಳ್ಳಿ ಬ್ಯಾಂಕ್ ಶಾಖೆಗಳ ಲೈನ್ ನೋಡಿಕೊಳ್ಳುವ ಮನುಷ್ಯ. ಮಾಳಿಗೆ ಮೇಲಿನ ಡಿಶ್, ಕೆಳಗಿನ ಮೋಡೆಮ್, ಯುಪಿಎಸ್, ಅದರ ಬ್ಯಾಟರಿ, ಹಿತ್ತಲಿನ ಅರ್ಥಿಂಗ್ ಗುಂಡಿ, ಇವು ನನ್ನ ಸಂಸಾರ. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ 2008ರಲ್ಲಿ ಈ ಕೆಲಸಕ್ಕೆ ಸೇರಿದೆ. ಅಂದಿನಿಂದ ಇಂಡಿ, ಸಿಂದಗಿ, ಆಲಮೇಲ, ತಾಳಿಕೋಟೆ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರಸ್ತೆಗಳಲ್ಲೇ ಹೆಚ್ಚು ದಿನ ಕಳೆದಿದ್ದೇನೆ. ಹಳ್ಳಿಗೆ ಡಿಜಿಟಲ್ ಬ್ಯಾಂಕ್ ಬಂತು ಅಂತ ಪೇಪರಿನಲ್ಲಿ ಓದಿದಾಗ ಎಲ್ಲರಿಗೂ ಮೊಬೈಲ್ ಆ್ಯಪ್ ನೆನಪಾಗುತ್ತದೆ. ನನಗೆ ನೆನಪಾಗುವುದು ಬಿರುಕು ಬಿಟ್ಟ ಎರೆಮಣ್ಣು. ಅದು ಯಾಕೆ ಅಂತ ಹೇಳುತ್ತೇನೆ.

ಮೊದಲು ಹಳೇ ಕಾಲದ ಮಾತು. ನಮ್ಮ ಅಪ್ಪನ ಟ್ರಂಕಿನಲ್ಲಿ ಮೂರು ಪಾಸ್‌ಬುಕ್ ಇವೆ. ಮೊದಲನೆಯದರ ಮೇಲೆ ಬಿಜಾಪುರ ಗ್ರಾಮೀಣ ಬ್ಯಾಂಕ್ ಅಂತ ಇದೆ. 2005ರಲ್ಲಿ ಅದು ಮಲಪ್ರಭಾ, ವರದಾ, ನೇತ್ರಾವತಿ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. ಎರಡನೇ ಪಾಸ್‌ಬುಕ್ ಅದರದು. 2025ರ ಮೇ 1ರಿಂದ ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಅಂತ ಆಗಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನದು ಮೂರನೆಯದು. ಮೊದಲನೇ ಪಾಸ್‌ಬುಕ್ಕಿನಲ್ಲಿ ಎಲ್ಲಾ ಕೈಬರಹ. ನೀಲಿ ಶಾಯಿ, ಗುಮಾಸ್ತರ ಸಣ್ಣ ಸಹಿ. ಎರಡನೆಯದರ ಮಧ್ಯದಿಂದ ಪ್ರಿಂಟರ್ ಅಕ್ಷರ ಶುರುವಾಗುತ್ತದೆ.

ಆ ಕೈಬರಹದ ಕಾಲದಲ್ಲಿ ಅಪ್ಪನ ಲೆಕ್ಕ ಎಲ್ಲಿತ್ತು ಗೊತ್ತೇ? ಅದೇ ಶಾಖೆಯ ಕಪಾಟಿನಲ್ಲಿ, ದಪ್ಪ ಲೆಡ್ಜರಿನಲ್ಲಿ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅನ್ನುತ್ತಾರೆ. ಆ ಸಂಘದ ಪುಸ್ತಕವೂ ಊರೊಳಗೇ ಇತ್ತು. ಕರೆಂಟ್ ಹೋಗಲಿ, ಮಳೆ ಬರಲಿ, ಲೆಡ್ಜರ್ ತೆಗೆದು ನೋಡಿ ದುಡ್ಡು ಕೊಡಬಹುದಿತ್ತು. 2010ರ ಆಸುಪಾಸಿನಲ್ಲಿ ಗ್ರಾಮೀಣ ಶಾಖೆಗಳೂ ಕೋರ್ ಬ್ಯಾಂಕಿಂಗ್‌ಗೆ ಸೇರಿದವು. ಲೆಕ್ಕದ ಪುಸ್ತಕ ಊರು ಬಿಟ್ಟು ದೂರದ ಡೇಟಾ ಸೆಂಟರಿಗೆ ಹೋಯಿತು. ಅದರಿಂದ ದೊಡ್ಡ ಉಪಕಾರವೇ ಆಯಿತು. ತಾಳಿಕೋಟೆಯ ಖಾತೆಯ ಹಣವನ್ನು ಪುಣೆಯಲ್ಲಿ ತೆಗೆಯಬಹುದು. ಸರ್ಕಾರದ ಹಣ ಯಾರ ಕೈಗೂ ಸಿಗದೆ ನೇರ ಖಾತೆಗೆ ಬೀಳುತ್ತದೆ. ಆದರೆ ಊರಿಗೂ ಆ ಪುಸ್ತಕಕ್ಕೂ ನಡುವೆ ಒಂದು ದಾರಿ ಬೇಕಾಯಿತು. ದಾರಿ ಕಡಿದರೆ ಪೆಟ್ಟಿಗೆಯಲ್ಲಿ ಲಕ್ಷ ರೂಪಾಯಿ ಇದ್ದರೂ ಮ್ಯಾನೇಜರ್ ಐನೂರು ಕೊಡಲಾರರು. ಆ ದಾರಿ ಕಾಯುವುದೇ ನನ್ನ ಕೆಲಸ.

ಆಗ ನಮ್ಮ ಹಳ್ಳಿಗಳಲ್ಲಿ ಫೋನ್ ಲೈನ್ ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ವಿಸ್ಯಾಟ್ ಬಂತು. ಮಾಳಿಗೆ ಮೇಲೆ ಕೂರಿಸುವ ದೊಡ್ಡ ಡಿಶ್. ಅದು ಮಾತಾಡುವ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿದೆ. ಶಾಖೆಯಿಂದ ಮೇಲಕ್ಕೆ, ಅಲ್ಲಿಂದ ಕೆಳಗೆ ಹಬ್ ಅನ್ನುವ ನೆಲದ ಕೇಂದ್ರಕ್ಕೆ, ಉತ್ತರ ಮತ್ತೆ ಅದೇ ದಾರಿಯಲ್ಲಿ. ಲೆಕ್ಕ ಹಾಕಿದರೆ ಒಂದು ಸಲದ ಹೋಗಿಬರುವಿಕೆಗೆ 1,44,000 ಕಿಲೋಮೀಟರ್ ಆಗುತ್ತದೆ. ಹತ್ತಿರ ಹತ್ತಿರ ಅರ್ಧ ಸೆಕೆಂಡು. ಒಬ್ಬ ರೈತನ ಐನೂರು ರೂಪಾಯಿಗಾಗಿ ಇಷ್ಟು ದೂರ ಓಡುವ ವ್ಯವಸ್ಥೆ ಇದೆಯಲ್ಲ, ಅದರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ನಮ್ಮ ಜಿಲ್ಲೆಯಲ್ಲಿ ಡಿಶ್ ದಕ್ಷಿಣದ ಕಡೆ ಮುಖ ಮಾಡಿ, ಸಾಕಷ್ಟು ಮೇಲಕ್ಕೆ ನೋಡುತ್ತಾ ನಿಲ್ಲುತ್ತದೆ. ಒಂದು ಡಿಗ್ರಿ ಸರಿದರೂ ಕೆಲಸ ಕೆಟ್ಟಿತು. ಇಲ್ಲಿಯ ಒಂದು ಡಿಗ್ರಿ ಅಂದರೆ ಅಲ್ಲಿ ಮೇಲೆ 600 ಕಿಲೋಮೀಟರಿಗೂ ಜಾಸ್ತಿ. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ನಿಜವಾಗಿ ತಿಳಿದದ್ದು ಸಿಂದಗಿ ಕಡೆಯ ಒಂದು ಊರಿನಲ್ಲಿ. ಶಾಖೆ ಇದ್ದದ್ದು ಬಾಡಿಗೆಯ ಮಣ್ಣಿನ ಮಾಳಿಗೆ ಮನೆಯಲ್ಲಿ. ಮಣ್ಣಿನ ಮಾಳಿಗೆಗೆ ಬೋಲ್ಟ್ ಹೊಡೆಯಲು ಆಗುವುದಿಲ್ಲ. ಕಬ್ಬಿಣದ ಚೌಕಟ್ಟಿನ ಮೇಲೆ ಡಿಶ್ ಕೂರಿಸಿ, ಸುತ್ತ ಸಿಮೆಂಟ್ ಕಲ್ಲಿನ ಭಾರ ಇಟ್ಟಿದ್ದೆ. ಮಾರ್ಚ್ ತಿಂಗಳು. ಮನೆಯೊಡತಿ ಶಾವಿಗೆ ಒಣಹಾಕಲು ಮೇಲೆ ಬಂದಿದ್ದಾರೆ. ಹಗ್ಗ ಕಟ್ಟಲು ಜಾಗ ಸಾಲದೆ ಕಲ್ಲುಗಳನ್ನು ಸ್ವಲ್ಪ ಆ ಕಡೆ ಸರಿಸಿ, ಚೌಕಟ್ಟನ್ನೂ ಒಂದು ಬೆರಳು ದೂಡಿದ್ದಾರೆ. ಶಾಖೆ ಎರಡು ದಿನ ಬಂದ್. ನಾನು ಹೋಗಿ ನೋಡಿದಾಗ ಬಿಳೀ ಶಾವಿಗೆ ಎಳೆಗಳು ಡಿಶ್ಶಿನ ಕೈಗೂ ನೇತಾಡುತ್ತಿದ್ದವು. ಆ ತಾಯಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಮಾಳಿಗೆ ಅವರದು. ವರ್ಷದ ಶಾವಿಗೆ ಅಲ್ಲೇ ಒಣಗಬೇಕು. ಡಿಶ್ಶನ್ನು ಬಿಸಿಲು ಕಡಿಮೆ ಬೀಳುವ ಮೂಲೆಗೆ ಒಯ್ದು, ಅವರಿಗೆ ಮಾಳಿಗೆಯ ಒಳ್ಳೆಯ ಭಾಗ ಬಿಟ್ಟುಕೊಟ್ಟೆ. ಆಮೇಲೆ ಆ ಮನೆಯಿಂದ ಒಂದು ದೂರೂ ಬರಲಿಲ್ಲ. ಮಂಗ ಬಂದರೆ ಓಡಿಸುವುದೂ ಅವರೇ.

ಇನ್ನು ಮಳೆ. ಕಪ್ಪು ಮೋಡ ಕವಿದು ಜೋರು ಮಳೆ ಬಂದರೆ ಸಿಗ್ನಲ್ ನೆನೆದು ಸೊರಗುತ್ತದೆ. ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಕೆಲವು ದಿನ, ದಿನಕ್ಕೆ ಕೆಲವು ನಿಮಿಷ ಲೈನ್ ಸತ್ತಂತೆ. ಅದೂ ನಡುಮಧ್ಯಾಹ್ನದ ಹೊತ್ತಿಗೆ, ಶಾಖೆ ತುಂಬಿರುವಾಗ. ಇವಕ್ಕೆ ನಾನು ಏನೂ ಮಾಡಲಾರೆ. ಆದರೆ ಮೊದಲೇ ಹೇಳಬಹುದು. ಆ ದಿನಗಳ ಹೊತ್ತನ್ನು ಕನ್ನಡದಲ್ಲಿ ಬರೆದು ಶಾಖೆಯ ಬಾಗಿಲಿಗೆ ಅಂಟಿಸಿ ಬರುತ್ತೇನೆ. ಗೊತ್ತಿದ್ದರೆ ಜನ ಕಾಯುತ್ತಾರೆ. ಸುಮ್ನೆ ಸರ್ವರ್ ಡೌನ್ ಅಂದರೆ ಕಾಯಬೇಕೋ ಹೋಗಬೇಕೋ ತಿಳಿಯದೆ ಒದ್ದಾಡುತ್ತಾರೆ.

ಈಗ ಆ 2022ರ ಬೇಸಿಗೆಗೆ ಬರುತ್ತೇನೆ.

ಡೋಣಿ ಹೊಳೆಯ ಸೀಮೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುವ ಮಾತು ಇಲ್ಲಿಯದೇ. ಕಡುಕಪ್ಪು ಎರೆಮಣ್ಣು. ಮಳೆಯಲ್ಲಿ ಕಾಲು ಹುಗಿಯುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಲ್ಲಿಯ ಒಂದು ಶಾಖೆಯಲ್ಲಿ ಮೋಡೆಮ್ ಮತ್ತು ಕಂಪ್ಯೂಟರುಗಳನ್ನು ಲೈನಿಗೆ ಜೋಡಿಸುವ ಸ್ವಿಚ್ ಪೆಟ್ಟಿಗೆ ಪದೇ ಪದೇ ಹ್ಯಾಂಗ್ ಆಗುತ್ತಿದ್ದವು. ಏಪ್ರಿಲ್‌ನಲ್ಲಿ ಒಂದು ಸಲ ಹೋಗಿ ಸ್ವಿಚ್ ಬದಲಿಸಿದೆ. ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಎರಡನೇ ಸಲ ಹೋಗಿ ಮೋಡೆಮ್ ಬದಲಿಸಿದೆ. ಮೇ ಮೊದಲ ವಾರ ಮೂರನೇ ಸಲ ಫೋನ್ ಬಂತು. ಆಗ ಮಲ್ಟಿಮೀಟರ್ ತೆಗೆದು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆದೆ. ಎರಡು ವೋಲ್ಟಿನ ಒಳಗೆ ಇರಬೇಕಾದದ್ದು ಹದಿನಾಲ್ಕು ತೋರಿಸಿತು. ಮೊದಲ ದಿನವೇ ಅಳೆಯಬೇಕಿತ್ತು. ಹಿಂದಿನ ಎರಡು ಸಲದ ತಪ್ಪು ನನ್ನದು.

ಅರ್ಥಿಂಗ್ ಅಂದರೆ ಬಹಳ ಸರಳ. ಹಿತ್ತಲಲ್ಲಿ ಆಳದ ಗುಂಡಿ ತೋಡಿ, ಪೈಪನ್ನೋ ತಾಮ್ರದ ತಗಡನ್ನೋ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ಪದರ ಪದರವಾಗಿ ತುಂಬುತ್ತೇವೆ. ಬೇಡವಾದ ಕರೆಂಟ್ ಅದರ ಮೂಲಕ ನೆಲಕ್ಕೆ ಇಳಿದು ಹೋಗಬೇಕು. ಅದಕ್ಕೆ ಮಣ್ಣು ಹಸಿಯಾಗಿರಬೇಕು, ಪೈಪಿಗೆ ಅಂಟಿಕೊಂಡಿರಬೇಕು. ಎರೆಮಣ್ಣು ಒಣಗಿದರೆ ಪೈಪಿನಿಂದ ಬಿಟ್ಟುಕೊಂಡು ದೂರ ಸರಿಯುತ್ತದೆ. ನಡುವೆ ಬರೀ ಗಾಳಿ. ಆ ಊರಿನಲ್ಲಿ ಮನೆ ಮಾಲೀಕರು ಹಿತ್ತಲಿಗೆಲ್ಲ ಫರಸಿ ಕಲ್ಲು ಹಾಸಿ ಗುಂಡಿಯ ಬಾಯಿಯನ್ನೂ ಮುಚ್ಚಿಬಿಟ್ಟಿದ್ದರು. ಒಂದು ಹನಿ ನೀರು ಒಳಗೆ ಹೋಗುವ ಹಾಗಿರಲಿಲ್ಲ.

ಫರಸಿ ಎಬ್ಬಿಸುತ್ತಾ ಕೂತಿದ್ದೆ. ಬಿಸಿಲು ನೆತ್ತಿಗೇರಿತ್ತು. ಒಬ್ಬ ಮುದುಕಿ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಹಿತ್ತಲಿಗೇ ಬಂದರು. ಚೀಲದೊಳಗೆ ಪಾಸ್‌ಬುಕ್, ಆಧಾರ್ ಕಾರ್ಡ್.

"ತಮ್ಮಾ, ಬ್ಯಾಂಕಿಗೆ ಏನಾಗೇತಿ?"

"ಭೂಮಿ ಒಣಗೇತಿ ಅವ್ವಾ. ಅದಕ್ಕ ಮಷಿನ್ ನಿಂತಾವು."

ಅವರು ಬಗ್ಗಿ ಗುಂಡಿ ನೋಡಿದರು. "ಎರಿಭೂಮಿ ಬ್ಯಾಸಗ್ಯಾಗ ಬಾಯಿ ಬಿಡತೈತಿ. ನೀರ ಹಾಕಬೇಕಲ್ಲ ಮತ್ತ," ಅಂದರು. ಪಕ್ಕದ ಮನೆಯ ಹರವಿಯಿಂದ ಒಂದು ಕೊಡ ನೀರು ತಾವೇ ತಂದು ಸುರಿದರು. ಮಣ್ಣು ಗಟಗಟ ಕುಡಿಯಿತು. ಇನ್ನೊಂದು ಕೊಡ ತರಲು ಹೊರಟವರನ್ನು ನಾನೇ ತಡೆದೆ.

ಮಾತಾಡುತ್ತಾ ಗೊತ್ತಾಯಿತು. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಗೆ ಅವರು ಬಂದಿದ್ದರು. ಅದು ಮೂರನೇ ಸಲ. ಏಪ್ರಿಲ್‌ನಲ್ಲಿ ಎರಡು ಸಲ ಬಂದು ಹೊಳ್ಳಿ ಹೋಗಿದ್ದರು. ಅಂದರೆ ನಾನು ಸ್ವಿಚ್ ಬದಲಿಸಿದಾಗ ಒಂದು, ಮೋಡೆಮ್ ಬದಲಿಸಿದಾಗ ಒಂದು. ಪ್ರತಿ ಸಲ ಬಸ್ಸಿಗೆ ಹೋಗಲು ಬರಲು ದುಡ್ಡು. ಜೊತೆಗೆ ಬಂದ ಮೊಮ್ಮಗಳ ಒಂದು ದಿನದ ಕೂಲಿ. "ಇವತ್ತೂ ಹೊಳ್ಳಿ ಹೋಗ್ಲೇನು?" ಅಂತ ಕೇಳಿದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಬಸ್ ಎಷ್ಟು ಹೊತ್ತಿಗೆ ಅಂತ ಕೇಳುವ ಹಾಗೆ ಕೇಳಿದರು.

ಮೂರು ಗಂಟೆಯ ಹೊತ್ತಿಗೆ ಲೈನ್ ಬಂತು. ಅವರಿಗೆ ಹಣ ಸಿಕ್ಕಿತು. ರಾತ್ರಿ ಮನೆಗೆ ಬಂದು ರಿಪೋರ್ಟ್ ತುಂಬಿದೆ. ಸ್ವಿಚ್, ಮೋಡೆಮ್, ಅರ್ಥಿಂಗ್, ಹಾಳಾದ ಗಂಟೆ ಎಲ್ಲದಕ್ಕೂ ಅದರಲ್ಲಿ ಜಾಗ ಇತ್ತು. ಆ ಅವ್ವನ ಎರಡು ತಿರುಗಾಟಕ್ಕೆ ಜಾಗ ಇರಲಿಲ್ಲ. ಆವತ್ತೇ ನೋಟ್‌ಬುಕ್ಕಿನಲ್ಲಿ ಐದನೇ ಗೆರೆ ಹಾಕಿದೆ.

ಆ ಶಾಖೆಯಲ್ಲಿ ಕಸ ಹೊಡೆಯುವ ಅಕ್ಕನಿಗೆ ದಿನಾ ಸಂಜೆ ಗುಂಡಿಗೆ ಎರಡು ಬಕೆಟ್ ನೀರು ಹಾಕಿ ಅಂತ ಹೇಳಿದ್ದೆ. ಅವರು ಅದಕ್ಕಿಂತ ಒಳ್ಳೆಯ ಉಪಾಯ ಮಾಡಿದರು. ಗುಂಡಿಯ ಪಕ್ಕ ಒಂದು ಕರಿಬೇವಿನ ಸಸಿ ನೆಟ್ಟರು. "ಗುಂಡಿಗೆ ನೀರ ಹಾಕೂದು ಮರೀಬಹುದು. ಗಿಡ ಬಾಡಿದ್ದು ಕಣ್ಣಿಗೆ ಕಾಣತೈತಿ," ಅಂದರು. ಈಗ ಬೇಸಿಗೆಗೆ ಮೊದಲು ಎಲ್ಲಾ ಶಾಖೆಗಳಲ್ಲೂ ನಾನು ಹೇಳುವ ಮಾತು ಅದೇ, ಗುಂಡಿಯ ಪಕ್ಕ ಒಂದು ಗಿಡ ನೆಡಿ.

ಬೇಸಿಗೆಯ ಇನ್ನೊಂದು ಕಾಟ ಬ್ಯಾಟರಿ. ಯುಪಿಎಸ್ ಬ್ಯಾಟರಿ 25 ಡಿಗ್ರಿ ಸೆಕೆಗೆ ಮಾಡಿದ್ದು. ಸುಮಾರು ಹತ್ತು ಡಿಗ್ರಿ ಜಾಸ್ತಿಯಾದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅಂತ ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ವಿಜಯಪುರದ ಮೇ ತಿಂಗಳಲ್ಲಿ 40 ದಾಟುತ್ತದೆ. ಅದರ ಮೇಲೆ ಬ್ಯಾಟರಿ ಇಡುವುದು ಗಾಳಿಯಾಡದ ಸಣ್ಣ ಕೋಣೆಯಲ್ಲಿ, ಹಳೇ ಕಾಗದದ ಗಂಟುಗಳ ನಡುವೆ. ಒಂದು ಕಿಟಕಿ ತೆರೆಸುವುದಕ್ಕೆ ನಾನು ಆರು ತಿಂಗಳು ಪತ್ರ ಬರೆದದ್ದೂ ಇದೆ.

ಐದನೇ ಗೆರೆ ತುಂಬುತ್ತಾ ಹೋದಾಗ ನಾನು ಅಂದುಕೊಳ್ಳದ ಒಂದು ಸಂಗತಿ ಕಂಡಿತು. ನಮ್ಮ ಕೆಲಸವನ್ನು ಅಳೆಯುವುದು ತಿಂಗಳಲ್ಲಿ ನೂರಕ್ಕೆ ಎಷ್ಟು ಹೊತ್ತು ಲೈನ್ ಇತ್ತು ಅಂತ. ನೂರಕ್ಕೆ 99 ಅಂದರೆ ಬಹಳ ಒಳ್ಳೆಯದು ಅನಿಸುತ್ತದೆ, ಅಲ್ವಾ? 30 ದಿನಕ್ಕೆ 720 ಗಂಟೆ. ಅದರಲ್ಲಿ ನೂರಕ್ಕೆ ಒಂದು ಅಂದರೆ 7 ಗಂಟೆ 12 ನಿಮಿಷ. ಆ ಏಳು ಗಂಟೆ ರಾತ್ರಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಏಳು ಗಂಟೆ ಸಂತೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಹೋದರೆ? ಸುತ್ತಲಿನ ಹತ್ತು ಹಳ್ಳಿಯವರು ಬಂದು ಹೊಳ್ಳಿ ಹೋಗುತ್ತಾರೆ. ಕಾಗದದ ಮೇಲೆ ಎರಡೂ 99.

ನನ್ನ ನೋಟ್‌ಬುಕ್ಕಿನಲ್ಲಿ ಎರಡು ಶಾಖೆ ಪಕ್ಕಪಕ್ಕ ಇದ್ದವು. ಒಂದರಲ್ಲಿ ಲೈನ್ ಪದೇ ಪದೇ ಹೋಗುತ್ತಿತ್ತು, ಆದರೆ ರಾತ್ರಿ ಹೊತ್ತು. ಇನ್ನೊಂದು ಕಾಗದದಲ್ಲಿ ಬಹಳ ಚೆನ್ನಾಗಿತ್ತು. ಆದರೆ ಮಂಗಳವಾರ ಅಲ್ಲಿ ಸಂತೆ. ಅದೇ ಮಂಗಳವಾರ ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು, ದಣಿದ ಬ್ಯಾಟರಿ ಅರ್ಧ ಗಂಟೆಗೆ ಕೈ ಎತ್ತುತ್ತಿತ್ತು. ಹೊಸ ಬ್ಯಾಟರಿಗಳು ಬಂದಾಗ ಪಟ್ಟಿಯ ಪ್ರಕಾರ ಮೊದಲನೇ ಶಾಖೆಗೆ ಹೋಗಬೇಕಿತ್ತು. ನಾನು ನೋಟ್‌ಬುಕ್ ಹಿಡಿದು ಮೇಲಿನವರ ಹತ್ತಿರ ಹೋದೆ. ಎರಡು ತಿಂಗಳ ಎಣಿಕೆ ತೋರಿಸಿದೆ. ಮೊದಲನೆಯದರಲ್ಲಿ ಹೊಳ್ಳಿ ಹೋದವರು 9. ಎರಡನೆಯದರಲ್ಲಿ 163. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯದಕ್ಕೇ ಹಾಕಿ ಅಂದರು. ಆ ದಿನ ಮಾತ್ರ ನನಗೆ ಹಬ್ಬ ಮಾಡಿದಷ್ಟು ಖುಷಿಯಾಗಿತ್ತು.

ಎಲ್ಲರೂ ಶಾಖೆಗೇ ಬರಬೇಕು ಅಂತ ಇಲ್ಲವಲ್ಲ ಈಗ. ಬ್ಯಾಂಕಿನ ಪರವಾಗಿ ಊರಲ್ಲೇ ಕೂತು ಹಣ ಕೊಡುವವರನ್ನು ನೇಮಿಸಲು ರಿಸರ್ವ್ ಬ್ಯಾಂಕ್ ಒಪ್ಪಿಗೆ ಕೊಟ್ಟದ್ದು 2006ರಲ್ಲಿ. ಬ್ಯಾಂಕ್ ಮಿತ್ರ, ಬಿ.ಸಿ. (ಬಿಸಿನೆಸ್ ಕರೆಸ್ಪಾಂಡೆಂಟ್) ಸಖಿ ಅಂತೆಲ್ಲ ಕರೆಯುತ್ತೇವೆ. 2014ರ ಆಗಸ್ಟ್‌ನಲ್ಲಿ ಜನಧನ ಶುರುವಾದ ಮೇಲೆ ಮನೆ ಮನೆಗೂ ಖಾತೆ ಆಯಿತು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಬಂದ ಮೇಲೆ ಆ ಖಾತೆಗಳಿಗೆ ಜೀವ ಬಂತು. ತಿಂಗಳಿಗೆ 2,000 ರೂಪಾಯಿ, ಮನೆಯ ಯಜಮಾನಿಯ ಹೆಸರಿಗೆ. ಅದುವರೆಗೆ ಗಂಡನ ಪಾಸ್‌ಬುಕ್ ಹಿಡಿದು ಬರುತ್ತಿದ್ದವರು ತಮ್ಮದೇ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುದ್ದೇಬಿಹಾಳ ಕಡೆಯ ಒಂದು ತಾಂಡಾದಲ್ಲಿ ಅಂಥ ಒಬ್ಬ ಸಖಿ ಇದ್ದಾರೆ. ಅವರ ಯಂತ್ರ ನನ್ನ ಕೆಲಸದ ಪಟ್ಟಿಯಲ್ಲಿ ಇಲ್ಲ. ಆದರೂ ಆ ದಾರಿಯಲ್ಲಿ ಹೋದಾಗ ನಿಲ್ಲುತ್ತೇನೆ. ಅವರ ಮನೆಯಲ್ಲಿ ಸಿಗ್ನಲ್ ಬರುವುದಿಲ್ಲ. ಸೇವಾಲಾಲ್ ಗುಡಿಯ ಕಟ್ಟೆಯ ಬೇವಿನ ಮರದ ಬುಡದಲ್ಲಿ ಎರಡು ಕಡ್ಡಿ ಬರುತ್ತದೆ. ಅಲ್ಲೇ ಅವರ ಬ್ಯಾಂಕು. ಎರಡು ಕಂಪನಿಯ ಎರಡು ಸಿಮ್, ಒಂದು ಪವರ್ ಬ್ಯಾಂಕ್, ಬೆರಳು ಓದುವ ಯಂತ್ರ, ಒಂದು ಸಣ್ಣ ಪ್ರಿಂಟರ್, ಒಂದು ಒದ್ದೆ ಬಟ್ಟೆ.

ಆ ಒದ್ದೆ ಬಟ್ಟೆಯದೇ ದೊಡ್ಡ ಪಾತ್ರ. ತಾಂಡಾದ ಅರ್ಧ ಮಂದಿ ವರ್ಷದಲ್ಲಿ ಆರೇಳು ತಿಂಗಳು ಗುಳೆ ಹೋಗುತ್ತಾರೆ. ಗೋವಾ, ಪುಣೆ, ರತ್ನಾಗಿರಿ. ಸಿಮೆಂಟು, ಜಲ್ಲಿ, ಕಬ್ಬು. ಬೆರಳ ಗೆರೆ ಸವೆದುಹೋಗಿರುತ್ತದೆ. ಯಂತ್ರಕ್ಕೆ ಅದು ಕಾಣುವುದಿಲ್ಲ. ಸಖಿ ಮೊದಲು ಬಟ್ಟೆಯಿಂದ ಬೆರಳು ಒರೆಸುತ್ತಾರೆ. ಹೆಬ್ಬೆಟ್ಟು ಆಗಲಿಲ್ಲವೇ, ತೋರುಬೆರಳು. ಅದೂ ಆಗಲಿಲ್ಲವೇ, ಎಡಗೈಯ ಉಂಗುರ ಬೆರಳು. ಕೆಲಸ ಕಡಿಮೆ ಮಾಡಿದ ಬೆರಳಲ್ಲಿ ಗೆರೆ ಉಳಿದಿರುತ್ತದೆ ಅಂತ ಅವರೇ ಕಂಡುಕೊಂಡಿದ್ದಾರೆ. ಯಾರಿಗೆ ಯಾವ ಬೆರಳು ಹತ್ತುತ್ತದೆ ಅಂತ ಅವರಿಗೆ ಬಾಯಿಪಾಠ. ಈಗ ಮುಖ ತೋರಿಸಿ ಹಣ ತೆಗೆಯುವ ವ್ಯವಸ್ಥೆಯೂ ಬಂದಿದೆ. ಬೆರಳು ಪೂರ್ತಿ ಸವೆದವರಿಗೆ ಅದು ದೊಡ್ಡ ಆಸರೆ ಆಗಬೇಕು.

ಆ ಯಂತ್ರದ ಮೇಲೆ ಬೆರಳಿಟ್ಟಾಗ ಏನು ನಡೆಯುತ್ತದೆ ಅಂತ ಒಮ್ಮೆ ನಾನು ಅವರಿಗೆ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದೆ. ಕಟ್ಟೆಯಿಂದ ಸಖಿಯ ಬ್ಯಾಂಕಿಗೆ, ಅಲ್ಲಿಂದ ಬ್ಯಾಂಕುಗಳ ನಡುವೆ ವ್ಯವಹಾರ ದಾಟಿಸುವ ಎನ್‌ಪಿಸಿಐ ಸಂಸ್ಥೆಗೆ, ಬೆರಳು ಸರಿಯೇ ಅಂತ ಕೇಳಲು ಆಧಾರ್‌ನವರ ಹತ್ತಿರ, ಆಮೇಲೆ ಹಣ ಇರುವ ಬ್ಯಾಂಕಿಗೆ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಹೋಗುವಾಗ ದಾರಿ ಕಡಿದರೆ ತೊಂದರೆ ಇಲ್ಲ, ಮತ್ತೊಮ್ಮೆ ಬೆರಳಿಟ್ಟರೆ ಆಯಿತು. ವಾಪಸ್ ಬರುವಾಗ ಕಡಿದರೆ ಕಷ್ಟ. ಖಾತೆಯಲ್ಲಿ ಹಣ ಕಡಿತವಾಗಿದೆ, ಯಂತ್ರ ಮಾತ್ರ ಆಗಿಲ್ಲ ಅನ್ನುತ್ತದೆ. ಕೈಗೆ ಹಣ ಬರುವುದಿಲ್ಲ. ಸಖಿಯೇ ಹೊಡೆದುಕೊಂಡರು ಅಂತ ಅನುಮಾನ ಬರುತ್ತದೆ. ಪಾಪ, ಅವರು ಅದೇ ತಾಂಡಾದಲ್ಲಿ ಬಾಳಬೇಕು.

ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಹೀಗೆ ಹಣ ತೆಗೆಯುವವರಿದ್ದರೆ ದಯವಿಟ್ಟು ತಿಳಿಸಿ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ನಿಯಮ ಮಾಡಿದೆ. ಹೀಗೆ ಕಡಿತವಾದ ಹಣ ಐದು ದಿನದೊಳಗೆ ತಾನಾಗಿ ಖಾತೆಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಬರದಿದ್ದರೆ ಕೇಳಲು ಚೀಟಿ ಕೈಯಲ್ಲಿದ್ದರೆ ಒಳ್ಳೆಯದು. ಹಣ ಬರಲಿ ಬಿಡಲಿ, ಪ್ರಿಂಟಾದ ಚೀಟಿ ಕೇಳಿ ಇಟ್ಟುಕೊಳ್ಳಬೇಕು. ಚೀಟಿ ಕೊಡಲು ಒಪ್ಪದವರ ಹತ್ತಿರ ಬೆರಳು ಇಡಬಾರದು. ಈ ಸಖಿ ಚೀಟಿಗಳ ಇನ್ನೊಂದು ಪ್ರತಿಯನ್ನು ತಂತಿಗೆ ಚುಚ್ಚಿ ಇಟ್ಟಿದ್ದಾರೆ. ಐದು ದಿನ ಕಾಯಲಾಗದ ಮುದುಕರಿಗೆ ಕೆಲವು ಸಲ ತಮ್ಮ ಕೈಯಿಂದಲೇ ನೂರಿನ್ನೂರು ಕೊಟ್ಟದ್ದನ್ನೂ ನೋಡಿದ್ದೇನೆ.

ಅವರ ಕೈಯಲ್ಲಿ ಇರುವ ನಗದೇ ಕಡಿಮೆ. ಇದನ್ನು ಹೊರಗಿನವರು ಯೋಚಿಸುವುದಿಲ್ಲ. ಲೈನ್ ಇದೆ, ಯಂತ್ರ ಇದೆ, ಬೆರಳೂ ಹತ್ತಿತು. ಆದರೆ ಗೃಹಲಕ್ಷ್ಮಿ ಹಣ ಬಿದ್ದ ದಿನ ನಲವತ್ತು ಮಂದಿ ಬಂದರೆ 80,000 ರೂಪಾಯಿ ನೋಟು ಬೇಕು. ಅದು ಸಖಿಯ ಸ್ವಂತ ಬಂಡವಾಳ. ಮಧ್ಯಾಹ್ನದೊಳಗೆ ಖಾಲಿಯಾಗುತ್ತದೆ. ಮತ್ತೆ ನೋಟು ತರಲು 14 ಕಿಲೋಮೀಟರ್ ದೂರದ ಶಾಖೆಗೆ ಹೋಗಬೇಕು, ಅಲ್ಲಿ ಸಾಲಿನಲ್ಲಿ ನಿಲ್ಲಬೇಕು, ಹಣದ ಚೀಲ ಹಿಡಿದು ಒಬ್ಬರೇ ಬಸ್ಸಿನಲ್ಲಿ ಬರಬೇಕು. ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಉಳಿದಿದೆ, ನಿಜ. ಆದರೆ ಅಷ್ಟು ಹೊತ್ತು ಕಟ್ಟೆ ಖಾಲಿ. ಆ ದೂರದ ಶಾಖೆಯ ಮ್ಯಾನೇಜರಿಗೆ ಒಂದು ವಿನಂತಿ ಮಾಡಿಕೊಂಡೆ, ಸಖಿಯರಿಗೆ ಬೇರೆ ಸಾಲು ಮಾಡಿ ಅಂತ. ಅವರು ಮರುದಿನವೇ ಕೌಂಟರಿನ ಪಕ್ಕ ಒಂದು ಕುರ್ಚಿ ಹಾಕಿಸಿದರು. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ.

ಯುಪಿಐ ಬಗ್ಗೆ ಬರೆಯಲಿಲ್ಲ ಅಂತ ನೀವು ಕೇಳಬಹುದು. 2016ರಲ್ಲಿ ಬಂದ ಅದು ಈಗ ನಮ್ಮ ಸಂತೆಯ ಮೆಣಸಿನಕಾಯಿ ಅಂಗಡಿಯಲ್ಲೂ ಇದೆ. ಹುಡುಗರಿಗೆ ಅದು ನೀರು ಕುಡಿದಷ್ಟು ಸುಲಭ. ಇಂಟರ್ನೆಟ್ ಇಲ್ಲದ ಸಾದಾ ಫೋನಿಗೆ *99# ಇದೆ, 2022ರ ಮಾರ್ಚ್‌ನಿಂದ ಕರೆ ಮಾಡಿ ಹಣ ಕಳಿಸುವ 123ಪೇ ಕೂಡ ಇದೆ. ಗೋವಾದಿಂದ ಮಗ ಸಂಜೆ ಕೂಲಿ ಸಿಕ್ಕ ಕೂಡಲೇ ಅಪ್ಪನ ಖಾತೆಗೆ ಹಾಕುತ್ತಾನೆ. ಮೊದಲು ಇದೇ ಹಣ ಬಸ್ ಡ್ರೈವರ್ ಕೈಯಲ್ಲಿ, ಊರಿಗೆ ಹೊರಟವರ ಕೈಯಲ್ಲಿ ವಾರಗಟ್ಟಲೆ ತಿರುಗಿ ಬರುತ್ತಿತ್ತು. ಅದು ತಪ್ಪಿದ್ದು ಬಹಳ ದೊಡ್ಡ ಮಾತು. ಆದರೆ ತಾಂಡಾದ ಅಪ್ಪನಿಗೆ ಗೊಬ್ಬರದವನಿಗೆ, ಕೂಲಿಯವರಿಗೆ ಕೊಡಲು ನೋಟೇ ಬೇಕು. ಮಗನ ಹಣ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಖಾತೆಗೆ ಬಂದಿರುತ್ತದೆ. ಖಾತೆಯಿಂದ ಕೈಗೆ ಬರುವ ಕೊನೆಯ ಎರಡು ಹೆಜ್ಜೆಗೇ ಬೇವಿನ ಮರದ ಕೆಳಗೆ ಒಂದು ತಾಸು ಕೂರಬೇಕು.

ಆ ಸಖಿ ಈಗ ನನ್ನ ನೋಟ್‌ಬುಕ್ಕಿಗೆ ತಮ್ಮ ಲೆಕ್ಕವನ್ನೂ ಕೊಡುತ್ತಾರೆ. ನಾನು ಕೇಳಿರಲಿಲ್ಲ. ಒಂದು ದಿನ ನನ್ನ ಐದನೇ ಗೆರೆ ನೋಡಿ, "ಅಣ್ಣಾ, ನಮ್ಮಲ್ಲಿ ಹೊಳ್ಳಿ ಹೋದವ್ರನ್ನೂ ಬರಕೋರಿ," ಅಂದರು. ಅಂದಿನಿಂದ ವಾರಕ್ಕೊಮ್ಮೆ ಫೋನ್. ಅವರು ಬರೀ ಎಣಿಸುವುದಿಲ್ಲ. ಲೈನಿನವರು, ಬೆರಳಿನವರು, ರೊಕ್ಕ ಸಾಲದವರು ಅಂತ ಮೂರು ಗುಂಪು ಮಾಡಿ ಹೇಳುತ್ತಾರೆ. ಇಷ್ಟು ವರ್ಷ ಕೆಲಸ ಮಾಡಿದ ನನಗೆ ಹೊಳೆಯದ ವಿಂಗಡಣೆ ಅದು. ಈಗ ನಾನೂ ಕೊನೆಯ ಮನೆಯೊಳಗೆ ಇನ್ನೆರಡು ಸಣ್ಣ ಗೆರೆ ಎಳೆದಿದ್ದೇನೆ.

ಮೊನ್ನೆ ಮಂಗಳವಾರ ಸಂಜೆ ಅವರ ಫೋನ್ ಬಂತು. ಒಟ್ಟು 31 ಮಂದಿ ಬಂದಿದ್ದರು. ಲೈನಿನವರು ಯಾರೂ ಇಲ್ಲ. ರೊಕ್ಕ ಸಾಲದವರು ಯಾರೂ ಇಲ್ಲ. ಬೆರಳಿನವರು ಮೂವರು. ಮೂವರೂ ರತ್ನಾಗಿರಿಯಿಂದ ಈಗಷ್ಟೇ ಬಂದವರು. ಶುಕ್ರವಾರ ಮುದ್ದೇಬಿಹಾಳದ ಆಧಾರ್ ಕೇಂದ್ರಕ್ಕೆ ಅವರನ್ನು ಕರೆದುಕೊಂಡು ಹೋಗಿ ಬೆರಳು ಹೊಸದಾಗಿ ದಾಖಲು ಮಾಡಿಸುತ್ತಾರಂತೆ. ಬೆಳಿಗ್ಗೆ ಎಂಟೂವರೆಯ ಬಸ್ಸು. ನಾನೂ ಆವತ್ತು ಅದೇ ಕಡೆ, ಒಂದು ಶಾಖೆಯ ಬ್ಯಾಟರಿ ಕೋಣೆಗೆ ಕಿಟಕಿ ತೆರೆಸಲು ಗೌಂಡಿಯನ್ನು ಕರೆದುಕೊಂಡು ಹೋಗಬೇಕು.